ಕಿಂಗ್ಸ್ ಗ್ಯಾಂಬಿಟ್ ವಿಡಿಯೊ ಪಾಠಮಾಲೆ: ಒಂದು ಆಟದ ಬಲದ ಮೇಲೆ ನಿಂತ ಕೋರ್ಸ್

ಚೆಸ್‌ನಲ್ಲಿ ಬಿಳಿ ಆಟಗಾರ ಎರಡನೆಯ ನಡೆಯಲ್ಲಿಯೇ ಎಫ್4 ಮನೆಗೆ ಕಾಲಾಳನ್ನು ಬಲಿಯಾಗಿ ನೂಕಿ, ತನ್ನ ರಾಜನ ಮಗ್ಗುಲಿನ ಬಾಗಿಲನ್ನು ತಾನೇ ತೆರೆದಿಡುವ ಕಿಂಗ್ಸ್ ಗ್ಯಾಂಬಿಟ್ ಎಂಬ ಓಪನಿಂಗನ್ನು (ಆಟದ ಆರಂಭದ ಕ್ರಮವನ್ನು) ಕಲಿಸುವ ಈ ವಿಡಿಯೊ ಪಾಠಮಾಲೆಯನ್ನು ಎರಡು ಬಾರಿ ಪೂರ್ತಿಯಾಗಿ ನೋಡಿದ್ದೇನೆ. ಹಣ ಕೊಟ್ಟು ಕೊಂಡಿದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಅದಕ್ಕೆ ಕಾರಣ ಜಾಹೀರಾತಿನಲ್ಲಿ ಹೇಳಿದ್ದಲ್ಲ.

ಪಾಠಮಾಲೆಯ ಜೀವಾಳವಿರುವುದು 1960ರಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾದಲ್ಲಿ, ಮುಂದೆ ವಿಶ್ವ ಚಾಂಪಿಯನ್ ಆದ ಬೋರಿಸ್ ಸ್ಪಾಸ್ಕಿ ಮತ್ತು ಬಾಬಿ ಫಿಷರ್ ನಡುವೆ ನಡೆದ ಆಟದ ವಿಶ್ಲೇಷಣೆಯಲ್ಲಿ. ಕಪ್ಪು ಕಾಯಿಗಳನ್ನು ಆಡಿದ ಫಿಷರ್ 16ನೆಯ ನಡೆಯ ಹೊತ್ತಿಗೆ ಎರಡು ಕಾಲಾಳು ಮುಂದಿದ್ದರೂ, ಅವರ ರಾಜನ ಸುತ್ತಲ ಮನೆಗಳು ಬಯಲಾಗಿದ್ದುದರಿಂದ ಆ ಲಾಭ ಕೈಗೆ ಹತ್ತಲಿಲ್ಲ ಎಂಬುದನ್ನು ಬೋಧಕರು ಅವಸರವಿಲ್ಲದೆ ತೋರಿಸುತ್ತಾರೆ. 26ನೆಯ ನಡೆಯಲ್ಲಿ ಫಿಷರ್ ಆನೆಯನ್ನು ಎಫ್8ಕ್ಕೆ ತಂದ ಕೂಡಲೇ ವಿಡಿಯೊ ನಿಲ್ಲಿಸಿ ಉತ್ತರ ಹುಡುಕಲು ಹೇಳುತ್ತಾರೆ. ಸ್ಪಾಸ್ಕಿ ಆನೆಯನ್ನು ಇ5ಕ್ಕೆ ಇಟ್ಟೊಡನೆ ಫಿಷರ್ ಅವರ ರಾಣಿಯೂ ಆ ರಾಣಿ ಕಾಯುತ್ತಿದ್ದ ಬಿಷಪ್ಪೂ (ಒಂಟೆ) ಒಟ್ಟಿಗೆ ಇಕ್ಕಟ್ಟಿಗೆ ಸಿಲುಕುತ್ತವೆ, 29ನೆಯ ನಡೆಗೆ ಫಿಷರ್ ಸೋಲೊಪ್ಪುತ್ತಾರೆ. ನಾನು ಅದನ್ನು ಕಂಡುಕೊಳ್ಳಲು ಇಪ್ಪತ್ತು ನಿಮಿಷ ತೆಗೆದುಕೊಂಡೆ, ಅದೂ ಎದುರಿಗೆ ಗಡಿಯಾರ ಇಲ್ಲದಿದ್ದಾಗ.

ಕೊರತೆ ಇರುವುದು ಇದರ ಮುಂದಿನ ಕಥೆಯಲ್ಲಿ. ಆ ಸೋಲಿನ ಮರುವರ್ಷ ಫಿಷರ್ ಲೇಖನವೊಂದನ್ನು ಬರೆದು, ಮೂರನೆಯ ನಡೆಯಲ್ಲಿ ಡಿ6 ಆಡುವುದೇ ಕಪ್ಪಿಗೆ ಸರಿಯಾದ ಉತ್ತರವೆಂದು ವಾದಿಸಿದರು. ಬಿಳಿಯ ಕುದುರೆ ಇ5ಕ್ಕೆ ಜಿಗಿಯದಂತೆ ಮೊದಲೇ ತಡೆದು, ನಂತರ ಜಿ5 ಕಾಲಾಳಿನಿಂದ, ಬಿಳಿಯ ಕಾಲಾಳನ್ನು ಹೊಡೆದು ಎಫ್4ಕ್ಕೆ ಬಂದ ತನ್ನ ಕಾಲಾಳನ್ನು ಕಾಯುವುದು ಅದರ ಉದ್ದೇಶ. ಇಂದಿಗೂ ಬಿಳಿಗೆ ದೊಡ್ಡ ತಲೆನೋವಾಗಿರುವ ಈ ರಕ್ಷಣೆಗೆ ಪಾಠಮಾಲೆ ಕೊಟ್ಟಿರುವುದು ಒಂದೇ ಚಿಕ್ಕ ವಿಡಿಯೊ. ಇದೇ ಪಾಠಗಳನ್ನು ನಂಬಿ ಟೂರ್ನಿಯೊಂದರಲ್ಲಿ ಈ ಓಪನಿಂಗ್ ಆಡಿದ ನನಗೆ ಎದುರಾಳಿ ಮೂರನೆಯ ನಡೆಗೆ ಡಿ6 ಆಡಿದಾಗ, ಬಾಯಿಪಾಠ ಮಾಡಿದ್ದೆಲ್ಲ ಅಲ್ಲಿಗೇ ಮುಗಿದು, ಹತ್ತನೆಯ ನಡೆಯೊಳಗೆ ಅರ್ಧ ಸಮಯ ಕರಗಿಹೋಯಿತು. ಮುಂದೆ ಫಿಷರ್ ಅವರೇ ಬಿಳಿಯಾಗಿ ಈ ಗ್ಯಾಂಬಿಟ್ ಆಡಿದಾಗ ಮೂರನೆಯ ನಡೆಯಲ್ಲಿ ಕುದುರೆಯ ಬದಲು ಬಿಷಪ್ಪನ್ನು ಸಿ4ಕ್ಕೆ ತಂದರು. ಆ ದಾರಿಯ ಪ್ರಸ್ತಾಪವೇ ಇಲ್ಲಿಲ್ಲ.

ಧ್ವನಿ, ಚಿತ್ರ ಎರಡೂ ಸ್ವಚ್ಛವಾಗಿವೆ. ನಡೆಗಳ ಕಡತವನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳುವ ಅವಕಾಶವಿಲ್ಲದ ಕಾರಣ ಪ್ರತಿಯೊಂದನ್ನೂ ಕೈಯಾರೆ ಬರೆದುಕೊಳ್ಳಬೇಕು. ದಾಳಿಯ ಆಟವನ್ನು ಅಭ್ಯಾಸ ಮಾಡಬಯಸುವವರು ಕೊಳ್ಳಬಹುದು. ಮುಂದಿನ ವಾರವೇ ಟೂರ್ನಿಗೆ ಇಳಿಯುವವರು ಡಿ6 ರಕ್ಷಣೆಯನ್ನು ಬೇರೆಲ್ಲಾದರೂ ಕಲಿತ ಮೇಲೆಯೇ ಎಫ್4ಕ್ಕೆ ಕೈಹಾಕಲಿ.