ಶಾಲೆ ‘ನೋಡೋಣ’ ಅಂದಮೇಲೆ: ಬಿಇಒ ಕಚೇರಿ, ಆರ್‌ಟಿಐ, ಆಯುಕ್ತರು, ಆಯೋಗ, ಯಾವುದು ಎಷ್ಟು ಉಪಯೋಗಕ್ಕೆ ಬರುತ್ತದೆ?

ಕಲಿಕಾ ನ್ಯೂನತೆ ಇರುವ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಸ್ಕ್ರೈಬ್ (ಮಗು ಹೇಳಿದ್ದನ್ನು ಬರೆದುಕೊಡುವವರು) ಅಥವಾ ಮೂರನೇ ಭಾಷೆಯಿಂದ ವಿನಾಯಿತಿ ಕೇಳಿದರೆ ಶಾಲೆಯವರು ‘ಇಲ್ಲ’ ಅನ್ನುವುದು ಕಡಿಮೆ. ‘ನೋಡೋಣ’ ಅನ್ನುತ್ತಾರೆ. ‘ಇಲ್ಲ’ ಅಂದಿದ್ದರೆ ಅದರ ಮೇಲೆ ದೂರು ಕೊಡಬಹುದಿತ್ತು. ‘ನೋಡೋಣ’ದಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಜೂನ್‌ನಲ್ಲಿ ಕೇಳಿದ್ದಕ್ಕೆ ಮ್ಯಾನೇಜ್‌ಮೆಂಟ್ ಮೀಟಿಂಗ್ ಆಗಲಿ ಅನ್ನುತ್ತಾರೆ, ಆಮೇಲೆ ದಸರಾ ರಜೆ ಮುಗಿಯಲಿ, ಹೊಸ ಎಚ್‌ಎಂ ಬರಲಿ. ಅಷ್ಟರಲ್ಲಿ ಎಸ್‌ಎಸ್‌ಎಲ್‌ಸಿ ನೋಂದಣಿ ಮುಗಿದಿರುತ್ತದೆ, ‘ಈಗ ನಮ್ಮ ಕೈಯಲ್ಲಿಲ್ಲ, ಬೋರ್ಡ್‌ನವರು ಒಪ್ಪಬೇಕು’ ಎಂಬ ಮಾತು ಬರುತ್ತದೆ. ಪರೀಕ್ಷಾ ರಿಯಾಯಿತಿಯ ಅರ್ಜಿ ಬೋರ್ಡ್‌ಗೆ ಹೋಗುವುದೇ ಶಾಲೆಯ ಮೂಲಕ. ಹಾಗಾಗಿ ಶಾಲೆ ತಡ ಮಾಡಿದರೆ ಕಳೆದುಹೋಗುವುದು ಮಗುವಿನ ಒಂದು ವರ್ಷ.

ಹೀಗಾದಾಗ ಕರ್ನಾಟಕದ ಪೋಷಕರಿಗೆ ಇರುವ ದಾರಿಗಳನ್ನು ಇಲ್ಲಿ ಒಂದೊಂದಾಗಿ ತೂಗಿದ್ದೇವೆ, ಐದಕ್ಕೆ ಅಂಕವನ್ನೂ ಕೊಟ್ಟಿದ್ದೇವೆ.

ಮೊದಲನೆಯದು ಶಾಲೆಗೇ ಕೊಡುವ ಲಿಖಿತ ಅರ್ಜಿ. ನಮ್ಮ ಲೆಕ್ಕದಲ್ಲಿ ಇದಕ್ಕೆ ಐದಕ್ಕೆ ಐದು. ಇದನ್ನು ಸರಿಯಾಗಿ ಮಾಡದೆ ಮುಂದಿನ ಯಾವ ಕಚೇರಿಗೆ ಹೋದರೂ ‘ಶಾಲೆಗೆ ಕೊಟ್ಟಿದ್ದೀರಾ? ಸ್ವೀಕೃತಿ ಎಲ್ಲಿ?’ ಎಂದೇ ಕೇಳುತ್ತಾರೆ. ಎರಡು ಪ್ರತಿ ಒಯ್ಯಿರಿ. ಕೌಂಟರ್‌ನಲ್ಲಿ ‘ಇಟ್ಟು ಹೋಗಿ, ಮೇಡಂಗೆ ಕೊಡ್ತೀವಿ’ ಎಂದರೆ ಇಟ್ಟು ಬರಬೇಡಿ. ನಿಮ್ಮ ಪ್ರತಿಯ ಮೇಲೆ ಶಾಲೆಯ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಮತ್ತು ತೆಗೆದುಕೊಂಡವರ ಸಹಿ, ಈ ನಾಲ್ಕೂ ಬೀಳಬೇಕು. ಬರೀ ಸೀಲು ಸಾಲದು. ತಾರೀಕಿಲ್ಲದ ಸೀಲಿಗೆ ‘ಮೊನ್ನೆ ತಾನೇ ಬಂತು’ ಅನ್ನುವುದು ಸುಲಭ. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಿನದ ಟ್ರ್ಯಾಕಿಂಗ್ ಪುಟವನ್ನು ಪ್ರಿಂಟ್ ತೆಗೆದಿಡಿ.

ಅರ್ಜಿ ಒಂದು ಪುಟ ದಾಟದಿರಲಿ. ಮಗುವಿನ ಹೆಸರು, ತರಗತಿ, ಏನು ಬೇಕು, ಯಾವ ಕಾನೂನಿನಡಿ, ಯಾವ ತಾರೀಕಿನೊಳಗೆ ಉತ್ತರ ಬೇಕು, ಇಷ್ಟಿದ್ದರೆ ಸಾಕು. ಕಾನೂನು ಎಂದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಅದರ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು. ಹೆಚ್ಚುವರಿ ಸಮಯ, ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿ 17ನೇ ಸೆಕ್ಷನ್‌ನಲ್ಲಿ ಹೆಸರು ಹಿಡಿದೇ ಇವೆ. ಕೊನೆಗೆ ಒಂದು ಸಾಲು: ‘ಮನವಿಯನ್ನು ಒಪ್ಪಲಾಗದಿದ್ದರೆ ಕಾರಣ ಸಹಿತ ಲಿಖಿತ ಹಿಂಬರಹ ನೀಡಬೇಕಾಗಿ ಕೋರಿಕೆ.’ ಈ ಹಿಂಬರಹ ಸಿಕ್ಕರೆ ‘ನೋಡೋಣ’ ಎಂಬುದು ಕಾಗದದ ಮೇಲಿನ ‘ಇಲ್ಲ’ ಆಗುತ್ತದೆ, ಮುಂದಿನ ದೂರಿಗೆ ಬುಡ ಸಿಗುತ್ತದೆ. ಸಿಗದಿದ್ದರೆ ಉತ್ತರ ಕೊಡದೇ ಇದ್ದದ್ದೂ ಆ ತಾರೀಕಿನಿಂದ ದಾಖಲೆಯೇ.

ಮೀಟಿಂಗ್‌ಗೆ ಕರೆದರೆ ಹೋಗಿ. ಆದರೆ ಅದೇ ಸಂಜೆ ಇಮೇಲ್ ಹಾಕಿ: ‘ಇಂದಿನ ಮಾತುಕತೆಯಲ್ಲಿ ತಾವು ಇಂತಿಂಥದ್ದನ್ನು ಇಂಥ ತಾರೀಕಿನೊಳಗೆ ಮಾಡುವುದಾಗಿ ತಿಳಿಸಿದ್ದೀರಿ. ವ್ಯತ್ಯಾಸವಿದ್ದರೆ ಮೂರು ದಿನದಲ್ಲಿ ತಿಳಿಸಿ.’ ಬಾಯಿಮಾತಿನ ಭರವಸೆಯನ್ನು ನಂಬಿ ಎರಡು ತಿಂಗಳು ಕಳೆದುಕೊಳ್ಳುವುದೇ ಎಲ್ಲಕ್ಕಿಂತ ದೊಡ್ಡ ನಷ್ಟ.

‘ಮೊದಲು ಸರ್ಟಿಫಿಕೇಟ್ ತನ್ನಿ’ ಎಂಬ ಮಾತನ್ನು ಬಿಡಿಸಿ ನೋಡಬೇಕು, ಹೆಚ್ಚು ಜನ ಎಡವುವುದು ಇಲ್ಲೇ. ಬೋರ್ಡ್ ಪರೀಕ್ಷೆಯ ರಿಯಾಯಿತಿಗೆ ಸರ್ಕಾರಿ ವೈದ್ಯಕೀಯ ದಾಖಲೆ ಬೇಕು, ಅದು ನಿಜ. ಖಾಸಗಿ ಮನಃಶಾಸ್ತ್ರಜ್ಞರ ವರದಿ ಅದಕ್ಕೆ ಸಮವಲ್ಲ. ಆ ವರದಿ ಕೈಯಲ್ಲಿದೆ ಎಂದು ನಿಶ್ಚಿಂತೆಯಿಂದ ಕೂತು, ಜನವರಿಯಲ್ಲಿ ಆಸ್ಪತ್ರೆಯ ಸರದಿಯಲ್ಲಿ ನಿಂತು ಪ್ರಯೋಜನವಿಲ್ಲ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು 8 ವರ್ಷ ತುಂಬಿದ ಮೇಲಷ್ಟೇ ಕೊಡುತ್ತಾರೆ. ಆದರೆ ಮುಂದಿನ ಬೆಂಚಿನಲ್ಲಿ ಕೂರಿಸುವುದು, ಕಪ್ಪು ಹಲಗೆಯಿಂದ ನಕಲು ಮಾಡಿಸುವ ಬದಲು ನೋಟ್ಸಿನ ಪ್ರತಿ ಕೊಡುವುದು, ಯುನಿಟ್ ಟೆಸ್ಟ್‌ಗೆ ಇನ್ನಷ್ಟು ಹೊತ್ತು ಬಿಡುವುದು, ಇವೆಲ್ಲ ಶಾಲೆಯ ಕೈಯಲ್ಲೇ ಇವೆ. ನ್ಯೂನತೆ ಗುರುತಿಸುವ ಹೊಣೆಯನ್ನೇ ಕಾಯ್ದೆ ಶಾಲೆಗೆ ಹೊರಿಸಿರುವಾಗ, ಇವಕ್ಕೂ ಪ್ರಮಾಣಪತ್ರ ಬರಲಿ ಎಂದು ಕಾಯಿಸುವುದು ಸರಿಯಲ್ಲ. ಅರ್ಜಿಯಲ್ಲಿ ತರಗತಿಯ ಅನುಕೂಲ ಮತ್ತು ಬೋರ್ಡ್ ರಿಯಾಯಿತಿಯನ್ನು ಬೇರೆ ಬೇರೆ ಅಂಶವಾಗಿ ಬರೆಯಿರಿ, ಒಂದಕ್ಕೆ ದಾಖಲೆ ಬಾಕಿ ಇದೆ ಎಂದು ಇನ್ನೊಂದನ್ನು ತಡೆಯಲು ಆಗದಿರಲಿ. ಇನ್ನು ‘ನ್ಯೂನತೆಯ ಪ್ರಮಾಣ 40 ಪರ್ಸೆಂಟ್ ಇಲ್ಲ, ಸ್ಕ್ರೈಬ್ ಕೊಡಲ್ಲ’ ಎಂಬ ಉತ್ತರಕ್ಕೆ ವಿಕಾಸ್ ಕುಮಾರ್ ಪ್ರಕರಣದ 2021ರ ಸುಪ್ರೀಂ ಕೋರ್ಟ್ ತೀರ್ಪನ್ನು ಲಗತ್ತಿಸಿ. ಸ್ಕ್ರೈಬ್ ಸೌಲಭ್ಯವನ್ನು ಶೇ 40ಕ್ಕೆ ಮಾತ್ರ ಸೀಮಿತಗೊಳಿಸುವಂತಿಲ್ಲ ಎಂದು ಅದು ಹೇಳಿದೆ.

ಎರಡನೆಯದು ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ. ಅಂಕ ಮೂರು. ಹತ್ತಿರದಲ್ಲಿದೆ, ಖರ್ಚಿಲ್ಲ, ಶಾಲೆಗೆ ನೋಟಿಸ್ ಹೋದರೆ ಅರ್ಧ ಕೆಲಸ ಆಗುತ್ತದೆ. ವಿಶೇಷ ಅಗತ್ಯದ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಮೊದಲು ಅವರನ್ನು ಕಾಣುವುದು ಒಳ್ಳೆಯದು, ನಮೂನೆಗಳು ಅವರಿಗೆ ಗೊತ್ತು. ತೊಂದರೆ ಏನೆಂದರೆ ದೂರು ಕೇಸ್ ವರ್ಕರ್ ಮೇಜಿನ ಮೇಲೆ ಕೂತುಬಿಡುತ್ತದೆ. ‘ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ’ ಎಂದು ವಾಪಸ್ ಕಳಿಸಿದರೆ ಟಪಾಲಿನಲ್ಲಿ ಕೊಟ್ಟು ನಂಬರ್ ಪಡೆದು ಬನ್ನಿ, ಸಾಹೇಬರನ್ನು ಕಾಣಲೇಬೇಕೆಂದಿಲ್ಲ. 6ರಿಂದ 14 ವರ್ಷದ ಮಗುವಾದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯಡಿಯ ದೂರನ್ನು ಅದೇ ಕಾಯ್ದೆಯ 32ನೇ ಸೆಕ್ಷನ್ ಹೆಸರಿಸಿಯೇ ಕೊಡಿ. ಸ್ಥಳೀಯ ಪ್ರಾಧಿಕಾರ ಮೂರು ತಿಂಗಳಲ್ಲಿ ತೀರ್ಮಾನಿಸಬೇಕು ಎಂದು ಅದರಲ್ಲಿದೆ. ಹತ್ತನೇ ತರಗತಿಯ ಮಕ್ಕಳು ಸಾಮಾನ್ಯವಾಗಿ ಈ ವಯಸ್ಸು ದಾಟಿರುತ್ತಾರೆ, ಅವರಿಗೆ 2016ರ ಕಾಯ್ದೆಯೇ ಆಧಾರ.

ಮೂರನೆಯದು ಆರ್‌ಟಿಐ, ಅಂದರೆ ಮಾಹಿತಿ ಹಕ್ಕು ಕಾಯ್ದೆಯಡಿಯ ಅರ್ಜಿ. ಅಂಕ ನಾಲ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಖಾಸಗಿ ಶಾಲೆ ನೇರವಾಗಿ ಇದರ ವ್ಯಾಪ್ತಿಗೆ ಬರದಿದ್ದರೂ ಬಿಇಒ ಕಚೇರಿಯ ಕಡತ ಬರುತ್ತದೆ. ನಿಂತ ಕಡತವನ್ನು ಎಬ್ಬಿಸಲು ಇಷ್ಟು ಅಗ್ಗದ ಸಾಧನ ಬೇರೊಂದಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಏಕೆ ಕ್ರಮ ಕೈಗೊಂಡಿಲ್ಲ?’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ಹಿಂಬರಹ ಬರುತ್ತದೆ. ಹೀಗೆ ಕೇಳಿ: ‘ಇಂಥ ತಾರೀಕಿನ, ಇಂಥ ಇನ್‌ವರ್ಡ್ ಸಂಖ್ಯೆಯ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳು, ಶಾಲೆಗೆ ಬರೆದ ಪತ್ರಗಳು ಮತ್ತು ಶಾಲೆಯ ಉತ್ತರದ ದೃಢೀಕೃತ ಪ್ರತಿ.’ ಟಿಪ್ಪಣಿ ಹಾಳೆ ಕೈಗೆ ಬಂದರೆ ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತು ಎಂಬುದು ತಾರೀಕು ಸಮೇತ ಕಾಣುತ್ತದೆ. 30 ದಿನ ಕಳೆದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಎರಡನೇ ಮೇಲ್ಮನವಿಯ ದಾರಿ ಉದ್ದ, ಈ ವರ್ಷದ ಪರೀಕ್ಷೆಗೆ ಅದನ್ನು ನೆಚ್ಚಿಕೊಳ್ಳಬೇಡಿ.

ನಾಲ್ಕನೆಯದು ವಿಕಲಚೇತನರ ರಾಜ್ಯ ಆಯುಕ್ತರು. ಇದಕ್ಕೂ ನಾಲ್ಕು. ವಕೀಲರು ಬೇಕಿಲ್ಲ. ಸಮನ್ಸ್ ಕಳಿಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ. ಆಯುಕ್ತರ ಶಿಫಾರಸು ತಲುಪಿದ ಮೂರು ತಿಂಗಳಲ್ಲಿ ಸಂಬಂಧಪಟ್ಟ ಪ್ರಾಧಿಕಾರ ಕ್ರಮ ಕೈಗೊಂಡು ತಿಳಿಸಬೇಕು, ಒಪ್ಪದಿದ್ದರೆ ಕಾರಣ ಹೇಳಬೇಕು. ಈ ಮೂರು ತಿಂಗಳು ಮಾರ್ಚ್‌ಗೆ ಮೊದಲು ಮುಗಿಯುವಂತೆ ಹಿಂದಕ್ಕೆ ಎಣಿಸಿ ದೂರು ಹಾಕಬೇಕು. ಡಿಸೆಂಬರ್‌ನಲ್ಲಿ ಹಾಕಿದರೆ ಶಿಫಾರಸು ಬರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ಬಾಕಿ ಇರುವ ಪರೀಕ್ಷೆಯ ತಾರೀಕನ್ನು ದೂರಿನ ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ಹಾಕಿ, ತುರ್ತು ವಿಚಾರಣೆ ಕೋರಿ.

ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಬೇರೆ ಬಗೆಯ ಪ್ರಕರಣಕ್ಕೆ ಹೆಚ್ಚು ಸೂಕ್ತ: ಫೀಸ್ ಕಟ್ಟಿಲ್ಲವೆಂದು ಮಗುವನ್ನು ಹೊರಗೆ ನಿಲ್ಲಿಸಿದ್ದು, ಹೊಡೆದದ್ದು, ಟಿಸಿ ಹಿಡಿದಿಟ್ಟುಕೊಂಡದ್ದು. ಮಗುವಿಗೆ ತಕ್ಷಣದ ಅಪಾಯವಿದ್ದರೆ ಅರ್ಜಿಯ ಮಾತೇ ಬೇಡ, 1098ಕ್ಕೆ ಕರೆ ಮಾಡಿ. ಆಯೋಗಕ್ಕೆ ಮೂರೂವರೆ ಅಂಕ.

ಸರ್ಕಾರದ ದೂರು ಸಹಾಯವಾಣಿಯಾದ 1902ರ ಜನಸ್ಪಂದನಕ್ಕೆ ಎರಡು. ದೂರು ದಾಖಲಿಸುವುದು ಸುಲಭ, ಆದರೆ ಅದು ಮೇಲಿಂದ ಇಳಿದು ಬಂದು ಕೂರುವುದು ಅದೇ ಬಿಇಒ ಕಚೇರಿಯಲ್ಲಿ. ಒಂದೇ ದೂರನ್ನು ಒಂದೇ ದಿನ ಐದು ಕಡೆ ಕಳಿಸುವವರು ಗಮನಿಸಬೇಕಾದದ್ದೂ ಇದೇ. ಐದೂ ಕೆಳಕ್ಕೆ ಬಂದು ಒಂದೇ ಕಡತ ಸೇರುತ್ತವೆ, ‘ಬೇರೆ ಪ್ರಾಧಿಕಾರದ ಮುಂದೆ ಪ್ರಕರಣ ಬಾಕಿ ಇದೆ’ ಎಂಬ ಹೊಸ ನೆಪಕ್ಕೆ ದಾರಿಯಾಗುತ್ತದೆ. ಹಂತ ಹಂತವಾಗಿ ಹೋಗಿ: ಜೂನ್ ಮೊದಲ ವಾರ ಶಾಲೆಗೆ ಅರ್ಜಿ, 15 ದಿನಕ್ಕೆ ಒಂದು ಜ್ಞಾಪನಾ ಪತ್ರ, ಜುಲೈನಲ್ಲಿ ಬಿಇಒಗೆ ದೂರು, ಆಗಸ್ಟ್‌ನಲ್ಲಿ ಆರ್‌ಟಿಐ, ಸೆಪ್ಟೆಂಬರ್ ದಾಟುವ ಮೊದಲು ಆಯುಕ್ತರಿಗೆ. ಪ್ರತಿ ಪತ್ರದಲ್ಲೂ ಹಿಂದಿನ ಪತ್ರದ ಇನ್‌ವರ್ಡ್ ಸಂಖ್ಯೆ ಮತ್ತು ತಾರೀಕು ನಮೂದಿಸಿ, ಅದರ ಪ್ರತಿಯನ್ನು ಜೊತೆಗೆ ಪಿನ್ ಮಾಡಿ.