ಬ್ರಾಡ್‌ವೇ ನಾಟಕ ನೋಡಲು ಏಪ್ರಿಲ್ ಒಳ್ಳೇದಾ, ಅಕ್ಟೋಬರ್ ಒಳ್ಳೇದಾ?

ನ್ಯೂಜೆರ್ಸಿಯ ಮಕ್ಕಳ ಮನೆಗೆ ಹೋದಾಗ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ಪ್ರದೇಶವಾದ ಬ್ರಾಡ್‌ವೇಯಲ್ಲಿ ನಾಟಕ ನೋಡುವ ಆಸೆಯಿದ್ದರೆ, ಮೊದಲು ತಿಂಗಳು ಆರಿಸಿಕೊಳ್ಳಿ. ಅಲ್ಲಿನ ರಂಗವರ್ಷ ಜನವರಿಗೆ ಶುರುವಾಗುವುದಿಲ್ಲ, ಬ್ರಾಡ್‌ವೇ ನಾಟಕಗಳ ದೊಡ್ಡ ವಾರ್ಷಿಕ ಪ್ರಶಸ್ತಿಯಾದ ಟೋನಿಯ ಸುತ್ತ ನಡೆಯುತ್ತದೆ. ಟೋನಿ ಪ್ರಶಸ್ತಿಯ ಗಡುವು ಸಾಮಾನ್ಯವಾಗಿ ಏಪ್ರಿಲ್ ಕೊನೆಗೆ ಬೀಳುತ್ತದೆ. 2025ರಲ್ಲಿ ಅದು ಏಪ್ರಿಲ್ 27. ಅಷ್ಟರೊಳಗೆ ನಾಟಕ ಅಧಿಕೃತವಾಗಿ ಶುರುವಾಗಿರಬೇಕು, ಅದಕ್ಕೂ ಮೊದಲು ನಡೆಯುವ ಪ್ರಿವ್ಯೂ ಪ್ರದರ್ಶನ ಲೆಕ್ಕಕ್ಕಿಲ್ಲ.

ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಹೊಸ ನಾಟಕಗಳ ಜಾತ್ರೆಯೇ ನಡೆಯುತ್ತದೆ. ಟೋನಿಗೆ ಮತ ಹಾಕುವವರ ನೆನಪು ಹಸಿಯಾಗಿರಬೇಕು, ಅಲ್ವಾ? ಪ್ರಿವ್ಯೂಗೆ ಹೋದರೆ ಹಾಡು, ದೃಶ್ಯ ಇನ್ನೂ ಬದಲಾಗುತ್ತಿರುತ್ತವೆ. ನಾಟಕ ಕಣ್ಣೆದುರೇ ರೂಪ ಪಡೆಯುವ ಆ ಖುಷಿ ಬೇರೆ. ಆದರೆ ಯಾವುದು ಚೆನ್ನಾಗಿದೆ ಅಂತ ಮೊದಲೇ ಹೇಳುವವರು ಕಡಿಮೆ.

ಅಕ್ಟೋಬರ್‌ನಲ್ಲಿ ಆಯ್ಕೆ ಸುಲಭ. ಜೂನ್‌ನಲ್ಲಿ ಟೋನಿ ಮುಗಿದು, ಸೋತ ಎಷ್ಟೋ ನಾಟಕ ಮುಚ್ಚಿರುತ್ತವೆ. ಗೆದ್ದವುಗಳ ಟಿಕೆಟ್ ಮಾತ್ರ ಜಾಸ್ತಿ ದುಬಾರಿ, ಮೊದಲಿನ ನಟರೂ ಬದಲಾಗಿರಬಹುದು.

ಇನ್ನೊಂದು ಮಾತು. ಟೋನಿ ಕೊಡುವುದು 500 ಅಥವಾ ಹೆಚ್ಚು ಸೀಟಿನ ಬ್ರಾಡ್‌ವೇ ಥಿಯೇಟರ್‌ಗಳ ನಾಟಕಕ್ಕೆ ಮಾತ್ರ. 'ಹ್ಯಾಮಿಲ್ಟನ್' ಎಂಬ ಸಂಗೀತ ನಾಟಕ 2015ರ ಫೆಬ್ರವರಿಯಲ್ಲಿ ಆಫ್-ಬ್ರಾಡ್‌ವೇಯ, ಅಂದರೆ ನ್ಯೂಯಾರ್ಕ್‌ನ ಸಣ್ಣ ರಂಗಮಂದಿರಗಳ ಸಾಲಿನ, ಪಬ್ಲಿಕ್ ಥಿಯೇಟರ್‌ನಲ್ಲಿ ಶುರುವಾಯಿತು. ಅದೇ ವರ್ಷ ನ್ಯೂಯಾರ್ಕ್‌ನ ಇನ್ನೊಂದು ರಂಗಪ್ರಶಸ್ತಿಯಾದ ಡ್ರಾಮಾ ಡೆಸ್ಕ್ ಬಂತು, ಯಾಕೆಂದರೆ ಅದನ್ನು ಕೊಡುವವರು ಸಣ್ಣ ರಂಗಮಂದಿರಗಳನ್ನೂ ಪರಿಗಣಿಸುತ್ತಾರೆ. ಬ್ರಾಡ್‌ವೇಗೆ ಬಂದದ್ದು ಆಗಸ್ಟ್‌ನಲ್ಲಿ. 11 ಟೋನಿಗಳಿಗೆ 2016ರ ಜೂನ್‌ವರೆಗೆ ಕಾಯಬೇಕಾಯಿತು. ಸುಮ್ನೆ ಟೋನಿ ಪಟ್ಟಿ ನಂಬಿ ಹೋದರೆ ಇಂಥ ಸಣ್ಣ ರಂಗಮಂದಿರಗಳು ತಪ್ಪಿಹೋಗುತ್ತವೆ.

ಒಂದೇ ನಾಟಕಕ್ಕೆ ದುಡ್ಡಿದ್ದರೆ ಅಕ್ಟೋಬರ್. ಮೂರು ಸಂಜೆ ಬಿಡುವಿದ್ದರೆ ಖಂಡಿತ ಏಪ್ರಿಲ್‌ಗೇ ಹೋಗಿ.