ಸೈಟಿನ ಸುತ್ತ ಏನು: ಗೋಡೆಯೋ, ಜಾಲರಿಯೋ, ಜೀವಂತ ಬೇಲಿಯೋ?

ಚಿಕ್ಕಮಗಳೂರಿನ ಅಂಚಿನ ಬಡಾವಣೆಯಲ್ಲಿ ಮನೆ ಕಟ್ಟುವವರು ಕೇಳಿದ್ದಾರೆ: ಕಪ್ಪೆ, ಓತಿಕ್ಯಾತ, ಮುಂಗುಸಿಗಳೂ ಓಡಾಡುವಂಥ ಕಾಂಪೌಂಡ್ ಯಾವುದು? ನಗರ ಮನುಷ್ಯರೊಬ್ಬರದೇ ಅಲ್ಲ ಎಂದುಕೊಂಡರೆ ಮೊದಲು ಕೇಳಬೇಕಾದ್ದೇ ಇದು.

ಖರ್ಚಿನಲ್ಲಿ ಬ್ಲಾಕ್ ಗೋಡೆ ಎಲ್ಲಕ್ಕಿಂತ ದುಬಾರಿ, ಜಾಲರಿ ನಡುವೆ, ಬೇಲಿ ಅಗ್ಗ.

ಬಾಳಿಕೆಯಲ್ಲಿ ಗೋಡೆಯೇ ಮುಂದು, ಆದರೆ ಇಳಿಜಾರಿನಲ್ಲಿ ಹುಷಾರು. ಮಳೆಗಾಲದಲ್ಲಿ ಹಿಂದಿನ ಮಣ್ಣು ನೀರು ಕುಡಿದು ಗೋಡೆಯನ್ನು ಮುಂದಕ್ಕೆ ತಳ್ಳುತ್ತದೆ. ಆ ನೀರು ಹೊರಹೋಗಲು ಗೋಡೆಯಲ್ಲಿ ನಾಲ್ಕೈದು ಅಡಿಗೊಂದು ಪೈಪು ಬಿಟ್ಟು, ಅದರ ಹಿಂದೆ ಜಲ್ಲಿ ತುಂಬಿಸಿ. ಜಾಲರಿಗೆ ಸತು ಲೇಪನ ಇಲ್ಲದಿದ್ದರೆ ಬೇಗ ತುಕ್ಕು ಹಿಡಿಯುತ್ತದೆ.

ಓಡಾಟದ ವಿಷಯದಲ್ಲಿ ಬ್ರಿಟನ್ನಿನವರು ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿಗಳಾದ ಹೆಡ್ಜ್‌ಹಾಗ್‌ಗಳಿಗಾಗಿ ಬೇಲಿಯ ಬುಡದಲ್ಲಿ 13 ಸೆಂ.ಮೀ. ಚೌಕದ ಕಿಂಡಿ ಬಿಡುತ್ತಾರೆ. ನಮ್ಮ ಗೋಡೆಗೂ ನೆಲಮಟ್ಟದಲ್ಲಿ ಅಂಥ ಎರಡು ಕಿಂಡಿ ಸಾಕು; ಪಕ್ಕದ ಸೈಟಿನವರೂ ಎದುರಿಗೇ ಬಿಟ್ಟರೆ ಮಾತ್ರ ದಾರಿಯಾಗುತ್ತದೆ. ಜಾಲರಿಯಾದರೆ ಬುಡವನ್ನು ಐದು ಇಂಚು ಎತ್ತಿ ಕಟ್ಟಿ. ಮೇಲೆ ಮುಳ್ಳುತಂತಿ ದಯವಿಟ್ಟು ಬೇಡ: ಗೂಬೆ, ಬಾವಲಿಗಳ ರೆಕ್ಕೆ ಸಿಕ್ಕಿ ಹರಿಯುತ್ತದೆ.

ಬೇಲಿಗೆ ಲಕ್ಕಿ ಗಿಡ ಒಳ್ಳೆಯದು, ದನ ಮೇಯುವುದಿಲ್ಲ. ದಾಸವಾಳ ಚೆಂದ, ಆಡು ಬಿಡುವುದಿಲ್ಲ. ಜೂನ್ ಮಳೆ ಹಿಡಿದ ಮೇಲೆ ಹೆಬ್ಬೆರಳು ದಪ್ಪದ, ಒಂದೂವರೆ ಅಡಿಯ ಕಡ್ಡಿಗಳನ್ನು ಅಡಿಗೊಂದರಂತೆ ಎರಡು ಸಾಲಿನಲ್ಲಿ, ಒಂದು ಸಾಲಿನ ಕಡ್ಡಿ ಇನ್ನೊಂದರ ಸಂದಿಗೆ ಎದುರಾಗುವಂತೆ ನೆಡಿ. ದಟ್ಟವಾಗಲು ಎರಡು ಮೂರು ಮಳೆಗಾಲ ಬೇಕು. ಸವರುವ ಕೆಲಸ ವರ್ಷವೂ ಇದ್ದದ್ದೇ.

ರಸ್ತೆ ಬದಿಗೆ, ಇಳಿಜಾರಿಗೆ ಕಿಂಡಿಯ ಗೋಡೆ. ನಾಯಿ ಸಾಕಿದವರಿಗೆ, ಬಾಡಿಗೆ ಮನೆಗೆ ಜಾಲರಿ. ತೋಟ, ಹಳ್ಳ, ಕೆರೆಯ ಕಡೆಗೆ ಮುಖವಿರುವ ಬದಿಗೆ ಲಕ್ಕಿ. ಒಂದೇ ಸೈಟಿನಲ್ಲಿ ಮೂರನ್ನೂ ಬೆರೆಸಬಹುದು.